ಗೂಸ್‌ಬೆರಿ ಅಂದ್ರೆ ನೆಲ್ಲಿಕಾಯಿ ಅಲ್ಲ

ವೈನ್ ಬಾಟಲಿಯನ್ನು ತಿರುಗಿಸಿ ಅದರ ಹಿಂದೆ ಅಂಟಿಸಿರುವ ಚೀಟಿಯನ್ನು ಯಾವತ್ತಾದ್ರೂ ಓದಿದ್ದೀರಾ ವೀಕ್ಷಕರೇ? ಕುಡಿಯದವರೂ ಒಮ್ಮೆ ಓದಬಹುದು, ನಷ್ಟವೇನಿಲ್ಲ. ಬ್ಲ್ಯಾಕ್‌ಕರಂಟ್ ಅಂತೆ, ಗೂಸ್‌ಬೆರಿ ಅಂತೆ, ಸೀಡರ್ ಮರದ ಪರಿಮಳ ಅಂತೆ. ದ್ರಾಕ್ಷಿ ಬೆಳೆದದ್ದು ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ತಪ್ಪಲಿನಲ್ಲಿ. ಬಾಟಲಿ ಲಾರಿ ಹತ್ತಿ, ಶಿರಾಡಿ ಘಾಟಿ ಇಳಿದು ಬಂದದ್ದು ನಮ್ಮ ಬಿ.ಸಿ.ರೋಡಿಗೆ. ಈ ದಾರಿಯುದ್ದಕ್ಕೂ ಎಲ್ಲಾದರೂ ಒಂದು ಬ್ಲ್ಯಾಕ್‌ಕರಂಟ್ ಗಿಡ ತೋರಿಸಿ ನೋಡೋಣ. ಬೆಳೆದವರು ಅದನ್ನು ತಿಂದಿಲ್ಲ, ಕೊಳ್ಳುವವರೂ ತಿಂದಿಲ್ಲ. ಮತ್ತೆ ಆ ಪದ ಅಲ್ಲಿ ಯಾರಿಗಾಗಿ ಕೂತಿದೆ?

ಇದು ಕುಡಿಯುವವರ ವಿಷಯ ಅಂತ ಚಾನೆಲ್ ಬದಲಿಸಬೇಡಿ. ರುಚಿಯನ್ನು ಯಾರ ಮಾತಲ್ಲಿ ಹೇಳ್ಬೇಕು, ಆ ಮಾತಿಗೆ ಬೆಲೆ ಕಟ್ಟೋರು ಯಾರು ಅನ್ನೋದು ಇಲ್ಲಿನ ಪ್ರಶ್ನೆ. ಅಡಿಕೆ ಮಾರುವ ಊರಿಗೆ ಈ ಪ್ರಶ್ನೆ ಹೊಸದಲ್ಲ. ಆ ಕಡೆಗೆ ಆಮೇಲೆ ಬರ್ತೇನೆ.

ಮೊದಲು ಆ ಗೂಸ್‌ಬೆರಿ. ಸಾವಿಗ್ನಾನ್ ಬ್ಲಾಂಕ್ ಅಂತ ಬರೆದು ಸೋವಿನ್ಯೋ ಬ್ಲಾಂ ಅಂತ ಓದಬೇಕಾದ ಒಂದು ಬಿಳಿ ದ್ರಾಕ್ಷಿ ಇದೆ. ಅದರ ವೈನ್‌ಗೆ ಗೂಸ್‌ಬೆರಿಯ ಪರಿಮಳ ಅಂತ ಎಲ್ಲ ಕಡೆ ಬರೀತಾರೆ. ನಮ್ಮ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಗೂಸ್‌ಬೆರಿ ಅಂದ್ರೆ ನೆಲ್ಲಿಕಾಯಿ. ಆದರೆ ಯುರೋಪಿನವರು ಹೇಳುವ ಗೂಸ್‌ಬೆರಿ ಚಳಿ ದೇಶದ ಮುಳ್ಳು ಪೊದೆಯ ಹಣ್ಣು, ನೆಲ್ಲಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಚೀಟಿ ಓದಿದವನು ಗ್ಲಾಸಿನಲ್ಲಿ ನೆಲ್ಲಿಕಾಯಿ ಹುಡುಕ್ತಾನೆ. ಸಿಗಲ್ಲ. ಪಕ್ಕದಲ್ಲಿ ಕೂತವನು ತಲೆ ಆಡಿಸ್ತಾ ಹೌದು ಹೌದು ಅಂತಾನೆ. ಆಗ ಇವನಿಗೆ ಏನನ್ನಿಸುತ್ತೆ? ನನ್ನ ನಾಲಗೆಯೇ ಸರಿ ಇಲ್ಲ, ಇದೆಲ್ಲ ದೊಡ್ಡವರ ವ್ಯವಹಾರ ಅಂತ. ನಾಲಗೆ ಸರಿಯಾಗೇ ಇದೆ ಮಾರಾಯ್ರೆ, ತಪ್ಪಿದ್ದು ಅನುವಾದ. ಆ ವೈನ್‌ನಲ್ಲಿ ಗಂಧಕ ಸೇರಿದ ಥಯಾಲ್ ಎಂಬ ಕೆಲವು ರಾಸಾಯನಿಕಗಳಿವೆ. ಅವೇ ಪೇರಳೆ ಹಣ್ಣಿನಲ್ಲೂ ಪ್ಯಾಶನ್ ಫ್ರೂಟಿನಲ್ಲೂ ಇರೋದು. ನ್ಯೂಜಿಲೆಂಡಿನ ಮಾರ್ಲ್‌ಬರೋ ಪ್ರದೇಶದ ಬಾಟಲಿ ತೆರೆದ್ರೆ ಮೂಗಿಗೆ ಹೊಡೆಯೋದು ಹಿತ್ತಲಿನ ಮಾಗಿದ ಪೇರಳೆಯೇ.

ನಾಲಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಮಾಂಸದ ಸಾರು, ಅಣಬೆಯಂಥವುಗಳಲ್ಲಿ ಸಿಗುವ ಉಮಾಮಿ. ಅಷ್ಟೇ. ಉಳಿದದ್ದೆಲ್ಲ ಮೂಗಿನ ಕೆಲಸ. ಅಗಿಯುವಾಗ ಗಂಟಲಿನ ಹಿಂಬಾಗಿಲಿಂದ ಗಾಳಿ ಮೂಗಿಗೆ ಹೋಗುತ್ತೆ, ನಾವು ಅದನ್ನು ರುಚಿ ಅಂದುಕೊಳ್ತೇವೆ. ಅನುಮಾನ ಇದ್ರೆ ಮೂಗು ಹಿಡಿದುಕೊಂಡು ನಾಲ್ಕು ಕಾಳು ಜೀರಿಗೆ ಅಗಿಯಿರಿ. ಹೊಟ್ಟು ಅಗಿದ ಹಾಗಿರುತ್ತೆ. ಮೂಗು ಬಿಟ್ಟ ತಕ್ಷಣ ಜೀರಿಗೆ ಬರುತ್ತೆ. ಎಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ ನಮ್ಮೆಲ್ಲರ ಸೆನ್ಸರ್ ಚೆನ್ನಾಗೇ ಇದೆ, ಅದರಿಂದ ಬರುವ ಸಿಗ್ನಲ್‌ಗೆ ಹೆಸರು ಹಚ್ಚಿಲ್ಲ ಅಷ್ಟೆ. ವೈನ್ ಪರಿಣತ ಅನ್ನಿಸಿಕೊಂಡವನಿಗೆ ನಮಗಿಂತ ದೊಡ್ಡ ಮೂಗೇನಿಲ್ಲ. ಹೆಸರು ಬರೆದಿಟ್ಟ ಡಬ್ಬಿಗಳ ಕಪಾಟು ಅವನ ತಲೆಯಲ್ಲಿದೆ.

ಆ ಕಪಾಟನ್ನು ಜೋಡಿಸಿದ್ದು ಹೇಗೆ ಗೊತ್ತಾ? 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ ಮತ್ತು ಅವರ ಸಂಗಡಿಗರು ವೈನ್ ಪರಿಮಳಗಳ ಒಂದು ಚಕ್ರವನ್ನು ಪ್ರಕಟಿಸಿದರು. 'ಚೆನ್ನಾಗಿದೆ', 'ಸೊಗಸಾಗಿದೆ' ಅನ್ನುವ ಹೊಗಳಿಕೆಗೆ ಅದರಲ್ಲಿ ಜಾಗ ಇಲ್ಲ, ಬರೀ ವಸ್ತುಗಳ ಹೆಸರು. ಸ್ಟ್ರಾಬೆರಿ, ಆಸ್ಪರಾಗಸ್, ಒದ್ದೆ ನಾಯಿ ಕೂಡ ಇದೆ! ಯಾವುದೇ ಪದದ ಬಗ್ಗೆ ಜಗಳ ಬಂದರೆ ಆ ವಸ್ತುವಿನ ಚೂರನ್ನು ಸಪ್ಪೆ ವೈನ್‌ನಲ್ಲಿ ನೆನೆಸಿಟ್ಟು ಮೂಸಿ ನೋಡೋದು. ನಾಯಿಯನ್ನು ನೆನೆಸಿದ್ರಾ ಅಂತ ಕೇಳ್ಬೇಡಿ. ಅಂದ್ರೆ ಆ ಪದಗಳು ಆಕಾಶದಿಂದ ಬಿದ್ದದ್ದಲ್ಲ, ಅಲ್ಲಿನ ಜನ ದಿನಾ ತಿಂದು ಮೂಸಿದ ವಸ್ತುಗಳಿಂದ ಬಂದದ್ದು. ಹಾಗಾದ್ರೆ ನಮ್ಮ ಬಿ.ಸಿ.ರೋಡಿನ ದಿನಸಿ ಅಂಗಡಿ ಏನು ಪಾಪ ಮಾಡಿದೆ?

ಒಳ್ಳೆಮೆಣಸಿನಿಂದಲೇ ಶುರು ಮಾಡೋಣ. ಘಟ್ಟದ ಮೇಲಿನವರು ಕಾಳುಮೆಣಸು ಅಂತಾರೆ, ತುಳುವಿನಲ್ಲಿ ಎಡ್ಡೆಮುಂಚಿ. ಬಂಟ್ವಾಳ, ಬೆಳ್ತಂಗಡಿ ಕಡೆ ಅಡಿಕೆ ಮರಕ್ಕೆ ಈ ಬಳ್ಳಿ ಹಬ್ಬಿಸದ ತೋಟ ಹುಡುಕಬೇಕು. ಶಿರಾಜ್ ಎಂಬ ಕೆಂಪು ದ್ರಾಕ್ಷಿಯ ವೈನ್‌ನಲ್ಲಿ ಮೆಣಸಿನ ಘಮ ಬರುತ್ತೆ ಅಂತ ತುಂಬಾ ಕಾಲದಿಂದ ಹೇಳ್ತಿದ್ರು. ಅದು ಕವಿತೆಯೋ ನಿಜವೋ ಅಂತ ಗೊತ್ತಿರಲಿಲ್ಲ. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಉತ್ತರ ಪ್ರಕಟಿಸಿದರು. ಒಳ್ಳೆಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ಅಣುವೇ ಶಿರಾಜ್‌ನಲ್ಲೂ ಇದೆ. ಅದು ಮೂಗಿಗೆ ತಿಳಿಯೋಕೆ ಒಂದು ಲೀಟರ್ ಕೆಂಪು ವೈನ್‌ನಲ್ಲಿ ಕೇವಲ 16 ನ್ಯಾನೋಗ್ರಾಂ ಇದ್ದರೆ ಸಾಕು. ಲೆಕ್ಕ ಹಾಕಿ ನೋಡಿದೆ: 25 ಲಕ್ಷ ಲೀಟರ್ ಹಿಡಿಯುವ ಒಲಿಂಪಿಕ್ ಈಜುಕೊಳದ ತುಂಬ ವೈನ್ ತುಂಬಿಸಿದರೆ ಅದಕ್ಕೆ 40 ಮಿಲಿಗ್ರಾಂ ರೊಟಂಡೋನ್ ಬೇಕು. ಹೆಚ್ಚುಕಡಿಮೆ ಒಂದೇ ಒಂದು ಮೆಣಸಿನ ಕಾಳಿನ ತೂಕ!

ಇದರಲ್ಲೇ ಪ್ರದೇಶದ ಗುಟ್ಟೂ ಇದೆ. ತಂಪು ಜಾಗದ ಶಿರಾಜ್‌ನಲ್ಲಿ ರೊಟಂಡೋನ್ ಜಾಸ್ತಿ, ಬಿಸಿಲು ಜಾಗದ್ದರಲ್ಲಿ ಕಡಿಮೆ. ಫ್ರಾನ್ಸಿನ ಉತ್ತರ ರೋನ್ ಕಣಿವೆಯದ್ದು ಮೆಣಸು, ಆಸ್ಟ್ರೇಲಿಯಾದ ಬರೋಸಾದ್ದು ಹಣ್ಣಿನ ಪಾಕ. ನಮ್ಮಲ್ಲೂ ಹಾಗೇ ನೋಡಿ. ನಂದಿ ತಪ್ಪಲು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ರಾತ್ರಿ ತಂಪು, ಹಾಗಾಗಿ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತೆ. ವಿಜಯಪುರ, ಬಾಗಲಕೋಟೆ ಕಡೆ, ಕೃಷ್ಣಾ ತೀರದ ಬಿಸಿಲಿಗೆ ಹುಳಿ ಬೇಗ ಇಳಿದು ಸಕ್ಕರೆ ಏರುತ್ತೆ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಮಾಡುತ್ತೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಏಪ್ರಿಲ್ ಸುಮಾರಿಗೊಮ್ಮೆ, ಅಕ್ಟೋಬರ್ ಸುಮಾರಿಗೊಮ್ಮೆ ಕತ್ತರಿ ಹಾಕಿ, ಫೆಬ್ರವರಿ–ಮಾರ್ಚ್‌ನಲ್ಲಿ ಗೊಂಚಲು ಕೊಯ್ತಾರೆ.

ಕರಾವಳಿಯ ಮಳೆಗೆ, ಸೆಕೆಗೆ ದ್ರಾಕ್ಷಿ ಒಗ್ಗಲ್ಲ, ಬೂಷ್ಟು ಹಿಡಿಯುತ್ತೆ. ಆದರೂ ವೈನ್ ಲೋಕದ ಒಂದು ಹೆಸರು ಬಂಟ್ವಾಳದ ಪ್ರತಿ ತೋಟದಲ್ಲೂ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡ್ತಾರಲ್ಲ, ಮೈಲುತುತ್ತು ಮತ್ತು ಸುಣ್ಣದ ಆ ಬೋರ್ಡೋ ದ್ರಾವಣ, ಅದು ಫ್ರಾನ್ಸಿನ ಬೋರ್ಡೋ ಎಂಬ ವೈನ್ ನಗರದ ಹೆಸರು. ಅಲ್ಲಿನ ವಿಶ್ವವಿದ್ಯಾಲಯದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದ್ದು ದ್ರಾಕ್ಷಿ ಬಳ್ಳಿಯ ಬೂಷ್ಟು ರೋಗಕ್ಕೆ. ಅವರ ಮದ್ದನ್ನು ನಾವು ನಮ್ಮ ಮರಕ್ಕೆ ಒಗ್ಗಿಸಿಕೊಂಡಿದ್ದೇವೆ. ಅವರ ಪದಗಳನ್ನು ಮಾತ್ರ ಹಾಗೇ ನುಂಗ್ತಿದ್ದೇವೆ.

ಇನ್ನು ಒಗರು. ಕೆಂಪು ವೈನ್ ಕುಡಿದಾಗ ಒಸಡು, ಕೆನ್ನೆಯ ಒಳಭಾಗ ಬಿಗಿದ ಹಾಗಾಗುತ್ತೆ. ಅದಕ್ಕೆ ಕಾರಣ ಟ್ಯಾನಿನ್. ಜೊಲ್ಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತೆ, ಬಾಯಿಯ ಜಾರುವಿಕೆ ಹೋಗುತ್ತೆ. ಎಂಜಿನ್ ಆಯಿಲ್ ಇಳಿದ ಬೈಕ್ ಓಡಿಸಿದ ಹಾಗೆ. ಅಲ್ಲಿನ ಸಾಮಾನ್ಯ ಕುಡಿಯುವವನ ಬಾಯಲ್ಲಿ ಇದಕ್ಕೆ ಸರಿಯಾದ ಪದ ಇಲ್ಲ. 'ಡ್ರೈ' ಅಂದುಬಿಡ್ತಾನೆ. ಆದರೆ ವೈನ್ ಅಂಗಡಿಯಲ್ಲಿ ಡ್ರೈ ಅಂದ್ರೆ ಸಿಹಿ ಇಲ್ಲದ್ದು. ಗೊಂದಲವೋ ಗೊಂದಲ. ನಮಗೆ ಒಗರು ಆರು ರಸಗಳಲ್ಲಿ ಒಂದು. ಅದರಲ್ಲೂ ಎಷ್ಟು ಬಗೆ! ನೇರಳೆಯದ್ದು ಮೃದು. ಗೇರುಹಣ್ಣಿನದ್ದು ಗಂಟಲು ಕೆರೆಯುತ್ತೆ. ಬಾಳೆಕಾಯಿಯದ್ದು ಬೆರಳಿಗೂ ಅಂಟುತ್ತೆ. ಎಳೆ ಅಡಿಕೆಯದ್ದು ಬಾಯಿಯನ್ನೇ ಮುಚ್ಚಿಸುತ್ತೆ. ಮಲೆನಾಡಿನವರು ಅಡಿಕೆ ಬೇಯಿಸಿ ತೆಗೆಯುವ ಚೊಗರು ಅಂತೂ ದ್ರವರೂಪದ ಟ್ಯಾನಿನ್. ನನ್ನನ್ನು ಕೇಳಿದ್ರೆ ಮೆರ್ಲೋ ದ್ರಾಕ್ಷಿಯ ವೈನ್ ನೇರಳೆಯ ಒಗರು, ಎಳೆಯ ಕ್ಯಾಬರ್ನೆ ಅಡಿಕೆಯ ಒಗರು. ಇಷ್ಟು ಹೇಳಿದ್ರೆ ಪಾಣೆಮಂಗಳೂರಿನ ಯಾರಿಗೆ ಬೇಕಾದ್ರೂ ಅರ್ಥ ಆಗುತ್ತೆ. 'ಫರ್ಮ್ ಟ್ಯಾನಿನ್ಸ್' ಅಂದ್ರೆ ಆಗುತ್ತಾ?

ಹುಳಿಗೂ ನಮ್ಮಲ್ಲಿ ಬರಗಾಲ ಇಲ್ಲ. ಹುಣಸೆ, ಪುನರ್ಪುಳಿ, ಬಿಂಬುಳಿ, ಜಾರಿಗೆ, ಅಮಟೆ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್, ಹುಣಸೆಯದ್ದೂ ಅದೇ. ಅಮೆರಿಕದ ಓಕ್ ಮರದ ಪೀಪಾಯಿಯಲ್ಲಿ ಇಟ್ಟ ವೈನ್‌ಗೆ ಕೊಬ್ಬರಿಯ ವಾಸನೆ ಬರುತ್ತೆ. ಓಕ್ ಲ್ಯಾಕ್ಟೋನ್ ಅನ್ನುವ ಅಣುವಿನ ಕೆಲಸ ಅದು. ಸ್ಪೇನಿನ ಹಳೆ ಶೈಲಿಯ ರಿಯೋಹಾ ವೈನ್ ಮೂಸಿದರೆ ಗಾಣದ ಎಣ್ಣೆ ಮಿಲ್ಲಿನ ಮುಂದೆ ನಿಂತ ಹಾಗಾಗುತ್ತೆ.

ಪದದಿಂದ ಬೆಲೆ ಬರುತ್ತೆ ಅಂದೆನಲ್ಲ, ಅಡಿಕೆ ಮಂಡಿಗೆ ಹೋಗೋಣ. ಕಳೆದ ವರ್ಷದ ಚಾಲಿ ಸಿಂಗಲ್ ಚೋಲ್, ಇನ್ನೂ ಹಳತಾದ್ರೆ ಡಬಲ್ ಚೋಲ್. ಗುಣ ಇಳಿದ್ರೆ ಪಟೋರ, ಉಳ್ಳಿ, ಕರಿಗೋಟು, ಕೋಕ. ವ್ಯಾಪಾರಿ ಅಡಿಕೆಯನ್ನು ಕತ್ತರಿಸಿ ನೋಡಿ ಒಂದು ಪದ ಹೇಳ್ತಾನೆ. ಆ ಒಂದು ಪದಕ್ಕೆ ಒಂದು ಮನೆಯ ಇಡೀ ವರ್ಷದ ಖರ್ಚು ನೇತಾಡ್ತಿರುತ್ತೆ. ಆದರೆ ಅಲ್ಲಿ ಬೆಳೆಗಾರನಿಗೂ ಆ ಪದ ಗೊತ್ತು. ಇದು ಪಟೋರ ಅಲ್ಲ ಸ್ವಾಮಿ, ಸರಿ ನೋಡಿ ಅಂತ ವಾದ ಮಾಡಬಲ್ಲ. ದ್ರಾಕ್ಷಿ ಬೆಳೆಗಾರನಿಗೆ ಆ ಅವಕಾಶ ಎಲ್ಲಿದೆ?

ಉದಾಹರಣೆಗೆ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಈ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಸಕ್ಕರೆ, ಗೋಧಿ, ಯೀಸ್ಟ್ ಹಾಕಿ ಭರಣಿಯಲ್ಲಿಡುವ ವೈನ್‌ಗೂ ಸಾಮಾನ್ಯವಾಗಿ ಇಂಥ ಕಪ್ಪು ದ್ರಾಕ್ಷಿಯೇ. ಇದು ಅಮೆರಿಕ ಮೂಲದ ಇಸಬೆಲ್ಲಾ ಬಳಗದ್ದು. ಈ ಬಳಗದ ವಿಶಿಷ್ಟ ಪರಿಮಳಕ್ಕೆ ವೈನ್ ಪಂಡಿತರು ಇಟ್ಟ ಹೆಸರು 'ಫಾಕ್ಸಿ', ಅಂದ್ರೆ ನರಿಯಂಥದ್ದು. ಅಲ್ಲಿಗೆ ಮರ್ಯಾದೆ ಹೋಯ್ತು. ಫ್ರಾನ್ಸ್ 1934ರ ಕಾಯ್ದೆಯಲ್ಲಿ ಇಸಬೆಲ್ಲಾ ಸೇರಿ ಇಂಥ ಆರು ತಳಿಗಳನ್ನು ನಿಷೇಧಿಸಿಯೇ ಬಿಟ್ಟಿತು. ಆ ಪರಿಮಳದ ಮುಖ್ಯ ಅಣು ಮೀಥೈಲ್ ಆಂಥ್ರನಿಲೇಟ್. ಇದೇ ಅಣು ಇನ್ನೆಲ್ಲಿದೆ ಗೊತ್ತಾ? ಮಲ್ಲಿಗೆಯಲ್ಲಿ! ನಾವು ಅಟ್ಟೆ ಲೆಕ್ಕದಲ್ಲಿ ಕೊಂಡು ದೇವರಿಗೆ ಮುಡಿಸುವ, ಮದುವೆ ಸೀಸನ್‌ನಲ್ಲಿ ರೇಟು ಕೇಳಿದ್ರೆ ತಲೆ ತಿರುಗುವ ಮಲ್ಲಿಗೆಯಲ್ಲಿ. ಒಂದೇ ಅಣು, ಅಲ್ಲಿ ನರಿ, ಇಲ್ಲಿ ಮಲ್ಲಿಗೆ.

ಹಾಗಂತ ಬೆಂಗಳೂರು ಬ್ಲೂ ಜಗತ್ತಿನ ಶ್ರೇಷ್ಠ ವೈನ್ ಕೊಡುತ್ತೆ ಅಂತ ನಾನು ಹೇಳಲ್ಲ. ಸಿಹಿ ಇಲ್ಲದ ಕೆಂಪು ವೈನ್ ಮಾಡಿದ್ರೆ ತೆಳು ಅನ್ನಿಸುತ್ತೆ. ಸಿಹಿ ವೈನ್‌ಗೆ ಚೆಂದ. ಆದರೆ ಆ ತೀರ್ಪನ್ನು ಕುಡಿದು ನೋಡಿ ಕೊಡಬೇಕು, ನರಿ ಅಂತ ಹೆಸರಿಟ್ಟು ಅಲ್ಲ. ರಾಜ್ಯ ಸರ್ಕಾರ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿದೆ, ವೈನ್ ಮಂಡಳಿ ಇದೆ, ದ್ರಾಕ್ಷಾರಸ ಉತ್ಸವಗಳು ನಡೀತವೆ. ಬಾಟಲಿಯ ಹಿಂದೆ ಕನ್ನಡದಲ್ಲಿ ನಾಲ್ಕು ಪದ ಬರೆಯಿಸೋಕೆ ಯಾವ ದೊಡ್ಡ ಅನುದಾನ ಬೇಕು?

ಪರಿಣತರ ಮಾತನ್ನು ವೇದವಾಕ್ಯ ಅಂದುಕೊಳ್ಳುವವರಿಗೆ ಒಂದು ಪ್ರಯೋಗದ ಕಥೆ. 2001ರಲ್ಲಿ ಪ್ರಕಟವಾದದ್ದು. ಅದೇ ಬೋರ್ಡೋದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್ ಕೊಟ್ಟು ವರ್ಣಿಸಿ ಅಂದರು. ಅದೇ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ ಅವರು ಹೆಚ್ಚಾಗಿ ಕೆಂಪು ವೈನ್‌ನ ಪದಗಳನ್ನೇ ಬಳಸಿದರು. ಕಣ್ಣು ಮೂಗಿಗೆ ಮೋಸ ಮಾಡಿತು. ಹಾಗಾದ್ರೆ ಇದೆಲ್ಲ ಬೊಗಳೆಯಾ? ಅಲ್ಲ. ರೊಟಂಡೋನ್ ಬೊಗಳೆ ಅಲ್ಲ, ಯಂತ್ರದಲ್ಲಿ ಅಳೆಯಬಹುದು. ಬಣ್ಣವನ್ನೋ ಚೀಟಿಯನ್ನೋ ನೋಡಿ ಪದ ಹೇಳೋದು ಬೊಗಳೆ.

ನಮ್ಮ ಹಿರಿಯರಿಗೆ ಚೀಟಿಯೇ ಇರಲಿಲ್ಲ. ಕಳ್ಳು ಬಾಯಿಗಿಟ್ಟರೆ ತೆಂಗಿನದ್ದೋ, ಈಚಲಿನದ್ದೋ, ಬೈನೆಯದ್ದೋ ಅಂತ ಹೇಳುವವರಿದ್ದರು. ಬೆಳಿಗ್ಗೆ ಇಳಿಸಿದ್ದು ಸಿಹಿ, ಹೊತ್ತು ಏರಿದ ಹಾಗೆ ಹುಳಿ. ಗಡಿಗೆಯಲ್ಲೇ ಇರುವ ಯೀಸ್ಟ್ ಕೂಡಲೇ ಕೆಲಸ ಶುರು ಮಾಡಿರುತ್ತೆ. ಮೂರ್ತೆಯವರು ಮರ, ಹೊತ್ತು, ಹುಳಿ ಎಲ್ಲ ಬಲ್ಲವರು. ಫ್ರೆಂಚರು ಪ್ರದೇಶ, ವರ್ಷ ಅಂತ ಹೇಳೋದು ಇದನ್ನೇ ತಾನೇ?

ಮಾಡಿ ನೋಡುವವರಿಗೆ ವಿಧಾನ ಸುಲಭ. ಹೊಟ್ಟೆಗಿಳಿಸಲೇಬೇಕು ಅಂತಿಲ್ಲ, ವೃತ್ತಿಯವರೂ ಬಾಯಲ್ಲಿ ಆಡಿಸಿ ಉಗುಳ್ತಾರೆ. ಕುಡಿಯದವರು ಜೇನನ್ನೋ ಕಾಫಿಯನ್ನೋ ಇಟ್ಟುಕೊಳ್ಳಿ, ಮೂಗಿಗೆ ಎಲ್ಲ ಒಂದೇ. ಊದುಬತ್ತಿ ಆರಿಸಿ, ಎಲೆಅಡಿಕೆ ಹಾಕಿರಬಾರದು, ಮಲ್ಲಿಗೆ ಮುಡಿದವರು ಸ್ವಲ್ಪ ದೂರ ಕೂರಲಿ. ಒಂದು ನಂದಿ ತಪ್ಪಲಿನದ್ದು, ಒಂದು ಕೃಷ್ಣಾ ತೀರದ್ದು, ಸಾಧ್ಯವಾದ್ರೆ ಹೊರದೇಶದ್ದೊಂದು. ಪಕ್ಕದಲ್ಲಿ ಪುಟ್ಟ ತಟ್ಟೆಗಳಲ್ಲಿ ಒಳ್ಳೆಮೆಣಸು, ಕೊಬ್ಬರಿ, ಲವಂಗ, ಹುಣಸೆ, ಪೇರಳೆ. ಬಣ್ಣ ಕಾಣದಂತೆ ಸ್ಟೀಲ್ ಲೋಟಕ್ಕೆ ಸುರಿದು ಕೊಡಿ. ಪ್ರತಿಯೊಬ್ಬರೂ ಬೇರೆಯವರ ಮಾತು ಕೇಳುವ ಮೊದಲೇ ಕಾಗದದಲ್ಲಿ ಬರೆಯಲಿ, ಆಮೇಲೆ ಓದಿ ನೋಡಿ. ಒಂದು ಮಾತು ನೆನಪಿರಲಿ: ಸುಮಾರು ನೂರಕ್ಕೆ 20 ಜನರ ಮೂಗಿಗೆ ರೊಟಂಡೋನ್ ಎಷ್ಟೇ ಹಾಕಿದ್ರೂ ತಿಳಿಯಲ್ಲ ಅಂತ ಅದೇ ಆಸ್ಟ್ರೇಲಿಯಾದ ಸಂಶೋಧನೆ ಹೇಳಿದೆ. ಮೆಣಸು ಎಲ್ಲಿದೆ ಮಾರಾಯ್ರೆ, ನನಗೆ ಬರ್ತಾ ಇಲ್ಲ ಅಂತ ಮನೆಯಲ್ಲಿ ಒಬ್ಬರು ಹೇಳಿದ್ರೆ ಜಗಳ ಬೇಡ.