ನೀರಿನ ಜೊತೆ ನಡೆದು ನೋಡುವ ದ್ವೀಪ

‘ಮದೈರಾ’ ಎಂದೊಡನೆ ನಿಮಗೆ ‘ಮದಿರೆ’ ನೆನಪಾಯಿತೇ? ತಪ್ಪೇನಿಲ್ಲ ಬಿಡಿ, ಅಲ್ಲಿನ ದ್ರಾಕ್ಷಾರಸ ಲೋಕಪ್ರಸಿದ್ಧ! ಆದರೆ ಪೋರ್ಚುಗೀಸ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಮರ, ಮರಮುಟ್ಟು ಎಂದು. ಅಟ್ಲಾಂಟಿಕ್ ಸಾಗರದ ಈ ದ್ವೀಪಕ್ಕೆ 1419ರಲ್ಲಿ ಪೋರ್ಚುಗೀಸರು ಬಂದಿಳಿದಾಗ ಅದರ ತುಂಬ ದಟ್ಟ ಕಾಡಿತ್ತು. ಇಂದಿಗೂ ಅದು ಪೋರ್ಚುಗಲ್ಲಿಗೇ ಸೇರಿದೆ. ಜ್ವಾಲಾಮುಖಿಯಿಂದ ಹುಟ್ಟಿದ ನೆಲವಾದ್ದರಿಂದ ಎಲ್ಲಿ ನೋಡಿದರೂ ಕಡಿದಾದ ಬೆಟ್ಟ, ಆಳವಾದ ಕಣಿವೆ. ಅತಿ ಎತ್ತರದ ಶಿಖರ ಪಿಕೊ ರೂಯಿವೊ, 1,862 ಮೀಟರ್.

ಇಂಥ ಕಡೆ ನಮ್ಮಂಥವರು ನಡೆಯುವುದುಂಟೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಅಲ್ಲಿ ‘ಲೆವಾದ’ ಎಂಬ ಸಣ್ಣ ಕಾಲುವೆಗಳಿವೆ. ಮಳೆ ಸುರಿಯುವ ಉತ್ತರದಿಂದ ಒಣಗಿದ ದಕ್ಷಿಣದ ಹೊಲ ತೋಟಗಳಿಗೆ ನೀರೊಯ್ಯಲು 15ನೇ ಶತಮಾನದಿಂದಲೇ ಇವನ್ನು ಕಟ್ಟತೊಡಗಿದರು. ನೀರು ಮೆಲ್ಲಗೆ ಹರಿಯಬೇಕಲ್ಲ, ಹಾಗಾಗಿ ಇಳಿಜಾರು ತೀರಾ ಕಡಿಮೆ. ಪಕ್ಕದ ಕಾಲುದಾರಿಯೂ ಬಹುಮಟ್ಟಿಗೆ ಸಮವೇ. ಕಾಲುವೆ ನೋಡಿಕೊಳ್ಳುವವರಿಗೆಂದು ಮಾಡಿದ ದಾರಿಯಲ್ಲಿ ಈಗ ಪ್ರವಾಸಿಗರ ಸಾಲು! ಆದರೆ ಅದು ಸುಲಭವಾಗಿ ಆದದ್ದಲ್ಲ. ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ತೂಗಾಡುತ್ತಾ ಬಂಡೆ ಕಡಿದ ಕೂಲಿಗಳ ಕಥೆ ಅಲ್ಲಿ ಮನೆಮಾತು.

ಫೋಟೋ ತೆಗೆಯುವವರಿಗೆ ಫನಾಲ್ ಎಂಬಲ್ಲಿನ ಮುದಿಮರಗಳೆಂದರೆ ಪ್ರಾಣ. ಸೊಟ್ಟಗೆ ಬಾಗಿ, ಮೈತುಂಬ ಪಾಚಿ ಹೊದ್ದು ನಿಂತ ಆ ಮರಗಳ ಚೆಲುವು ಬಿಸಿಲಿಗಿಂತ ಮಂಜಿನಲ್ಲೇ ಹೆಚ್ಚು. ಹಿಂದಿನ ಮರಗಳೆಲ್ಲ ಮಸುಕಾಗಿ, ಮುಂದಿನ ಒಂದು ಮರ ಮಾತ್ರ ಎದ್ದು ಕಾಣುತ್ತದೆ. ಮಂಜಿನಲ್ಲಿ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ. ಬೆಳಕನ್ನು ಒಂದಿಷ್ಟು ಹೆಚ್ಚಿಸಿಕೊಳ್ಳಿ. ಲೆನ್ಸನ್ನು ಆಗಾಗ ಮೆತ್ತನೆ ಬಟ್ಟೆಯಿಂದ ಒರೆಸುತ್ತಿರಿ. ಜೊತೆಯವರನ್ನು ಬಣ್ಣದ ಮಳೆಕೋಟಿನಲ್ಲಿ ಮರದ ಬುಡಕ್ಕೆ ನಿಲ್ಲಿಸಿದರೆ ಮರ ಎಷ್ಟು ದೊಡ್ಡದೆಂದು ನೋಡಿದವರಿಗೆ ತಿಳಿಯುತ್ತದೆ.

ಆದರೆ ಒಂದು ಮಾತು. ಲೆವಾದದ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಎಷ್ಟೋ ಕಡೆ ಪ್ರಪಾತ. ಎಲ್ಲೆಡೆ ಕಂಬಿಯೂ ಇರುವುದಿಲ್ಲ. ನಡೆಯುವಾಗ ನಡಿಗೆ, ನಿಂತಾಗ ಫೋಟೋ. ಕ್ಯಾಮೆರಾ ಕಣ್ಣಿಗಿಟ್ಟು ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡಬೇಡಿ! ಜಾರದ ಬೂಟು ಬೇಕು, ಸುರಂಗಗಳಿಗೆ ಟಾರ್ಚು ಬೇಕು. ಮಳೆ ಬಂದರೆ ಕಲ್ಲು ಉರುಳುವುದುಂಟು. ದಾರಿ ತೆರೆದಿದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಿ.

ನೀವು ಅಲ್ಲಿಗೆ ಹೋಗುವಿರೋ ಇಲ್ಲವೋ, ಆ ಚಿತ್ರಗಳನ್ನಂತೂ ಎಲ್ಲಾದರೂ ನೋಡುತ್ತೀರಿ. ಆಗ ಇದು ನೆನಪಿರಲಿ: ಆ ಕಾಡಿನ ಎಲೆಗಳು ಮಂಜನ್ನು ಹಿಡಿದು ಹನಿ ಹನಿಯಾಗಿ ನೆಲಕ್ಕಿಳಿಸುತ್ತವೆ. ಕಾಲುವೆಯ ನೀರಿಗೆ ಅದೂ ಒಂದು ಮೂಲ. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರ ಆಗಸ್ಟ್‌ನಲ್ಲಿ ದ್ವೀಪದ ಬೆಟ್ಟಗಳಲ್ಲಿ ಕಾಳ್ಗಿಚ್ಚು ದಿನಗಟ್ಟಲೆ ಉರಿದಾಗ ಜನ ಹೆದರಿದ್ದು ಬರಿಯ ಚೆಲುವು ಹೋದೀತೆಂದಲ್ಲ. ಮೇಲೆ ಮರವಿದ್ದರೆ ತಾನೇ ಕೆಳಗೆ ಕೊಡ ತುಂಬುವುದು? ನೀರಿಗಾಗಿ ಕಾದು ನಿಂತ ಯಾವ ಹೆಣ್ಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.