ಕಿರೀಟದಡಿಯ ಹಲ್ಲು
ಹಲ್ಲು ಒಂದೇ, ಆದರೆ ಅದರ ದುರಸ್ತಿ ಒಂದೋ ಎರಡೋ ಎಂಬುದು ಅಮೆರಿಕದ ದಂತವಿಮೆಯಲ್ಲಿ ದೊಡ್ಡ ವ್ಯಾಜ್ಯ. ಹುಳುಕಿನಿಂದ ಬಹುಭಾಗ ಹಾಳಾದ ಹಲ್ಲಿನ ಮೇಲೆ ಕಿರೀಟ, ಎಂದರೆ ನಾವು ‘ಕ್ಯಾಪ್’ ಎನ್ನುವುದು, ನಿಲ್ಲದು. ವೈದ್ಯರು ಮೊದಲು ಉಳಿದ ಮೋಟನ್ನು ಕಟ್ಟಿ ಎತ್ತರಿಸಬೇಕು. ಅಲ್ಲಿನ ದಂತವೈದ್ಯ ಸಂಘದ ಸಂಕೇತಾವಳಿಯಲ್ಲಿ ಈ ಕೆಲಸಕ್ಕೆ ಡಿ 2950 ಎಂಬ ಪ್ರತ್ಯೇಕ ಅಂಕೆಯೇ ಉಂಟು. ಆದರೂ ಹಲವು ವಿಮಾ ಕಂಪೆನಿಗಳು ಇದನ್ನು ಕಿರೀಟದ ವೆಚ್ಚದಲ್ಲೇ ಅಡಗಿಸಿಬಿಡುತ್ತವೆ. ಕಿರೀಟಕ್ಕೆ ಹಿಡಿತ ದೊರೆಯುವಷ್ಟು ಹಲ್ಲು ಉಳಿದಿರಲಿಲ್ಲವೆಂದು ವೈದ್ಯರು ತೋರಿಸಿಕೊಡಬೇಕು. ಬರಿಯ ತಗ್ಗು ತುಂಬಿದ್ದು ಲೆಕ್ಕಕ್ಕಿಲ್ಲ. ಸೋಜಿಗವೆಂದರೆ, ಕಿರೀಟ ಕುಳಿತೊಡನೆ ಸಾಕ್ಷಿಯೇ ಮರೆಯಾಗುತ್ತದೆ! ಆದಕಾರಣ ಕ್ಷ-ಕಿರಣ ಚಿತ್ರ ಕಳುಹಿಸಿ ಮುಂಚಿತವಾಗಿಯೇ ಕಂಪೆನಿಯನ್ನು ಕೇಳುವುದು, ಹುಳುಕು ತೆಗೆದೊಡನೆ ಛಾಯಾಚಿತ್ರ ಹಿಡಿಸಿಡುವುದು ಜಾಣತನ. ಬರುವ ಉತ್ತರವೂ ಅಂದಾಜೇ ಹೊರತು ವಚನವಲ್ಲ. ಒಪ್ಪಿದರೂ ಅನೇಕ ಯೋಜನೆಗಳು ತೆರುವುದು ಅರ್ಧವನ್ನೇ. ಮಿಕ್ಕರ್ಧ ರೋಗಿಯ ಜೇಬಿನಿಂದ.