ಫರಸಿ ನೆಲದಡಿಯ ಹಳೆ ಕೊಳವೆ

ಊರಿಗೆ ಹೊಸ ನೀರಿನ ಯೋಜನೆ ಬಂದಾಗ ಗುದ್ದಲಿ ಬೀಳುವ ಮುನ್ನ ಎರಡು ತಪಾಸಣೆ ನಡೆಯಬೇಕು. ಯೋಜನೆಯಿಂದ ನದಿ, ನೆಲ, ಕಾಡು, ಜನವಸತಿಗೆ ಏನಾದೀತು ಎಂದು ಲೆಕ್ಕ ಹಾಕುವುದು ಪರಿಸರ ಪರಿಣಾಮದ ಅಂದಾಜು. ಒಡೆಯಲಿರುವ ಪಂಪ್‌ಹೌಸ್, ಕೀಳಲಿರುವ ಕೊಳವೆ, ಮೂಲೆ ಸೇರಿದ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಮನುಷ್ಯರಿಗೆ ಮುಳುವಾಗುವಂಥದ್ದು ಏನಿದೆ ಎಂದು ಹುಡುಕುವುದು ಅಪಾಯಕಾರಿ ವಸ್ತುಗಳ ಸಮೀಕ್ಷೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಈ ಎರಡೂ ಕೆಲಸಗಳು ಕೊನೆಗೆ ಸುಣ್ಣಕಲ್ಲಿನ ಹತ್ತಿರವೇ ಬಂದು ನಿಲ್ಲುತ್ತವೆ.

ಭೂವಿಜ್ಞಾನಿಗಳು ಭೀಮಾ ಬೇಸಿನ್ ಎಂದು ಕರೆಯುವ ಪ್ರಾಚೀನ ಶಿಲಾಸ್ತರಗಳು ಇಲ್ಲಿವೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಈ ಸ್ತರದ ಸುಣ್ಣಕಲ್ಲೇ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಇದೇ ಕಲ್ಲನ್ನು. ಫರಸಿ ಪದರಪದರವಾಗಿ ಸೀಳುತ್ತದೆ. ಪದರಗಳ ನಡುವಿನ ಸಂದು, ಬಿರುಕುಗಳೇ ಅಂತರ್ಜಲದ ದಾರಿ. ಮರಳಿನ ಪದರದಲ್ಲಿ ನೀರು ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ. ಇಲ್ಲಿ ಬಿರುಕಿನೊಳಗೆ ನೇರವಾಗಿ ಹರಿಯುತ್ತದೆ. ಹಾಗಾಗಿ ಪಾಳುಬಿದ್ದ ಖಣಿಯ ಹೊಂಡಕ್ಕೆ ಸುರಿದ ಕಸ, ಶೌಚಗುಂಡಿಯ ಸೋರಿಕೆ, ತೊಗರಿ ಹೊಲದ ಕೀಟನಾಶಕ ಹೆಚ್ಚು ತಡೆಯಿಲ್ಲದೆ ಕೊಳವೆಬಾವಿ ಮುಟ್ಟಬಲ್ಲವು. ಇದೇ ಬೇಸಿನ್ನಿನ ದಕ್ಷಿಣ ಅಂಚಿನಲ್ಲಿ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಯುರೇನಿಯಂ ನಿಕ್ಷೇಪವಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೊಗ್ರಾಂ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಯುರೇನಿಯಂ ಅನ್ನು, ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ಜೊತೆ ಈ ಭಾಗದ ನೀರಿನಲ್ಲಿಯೂ ಅಳೆದು ನೋಡುವುದು ವಿವೇಕ.

ಕಾನೂನಿನ ಕಡೆ ಒಂದು ವಿಚಿತ್ರವಿದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಸುಣ್ಣಕಲ್ಲಿನ ಗಣಿಗೂ ಸಿಮೆಂಟ್ ಕಾರ್ಖಾನೆಗೂ ಪೂರ್ವಾನುಮತಿ ಬೇಕು. ದೊಡ್ಡವಾದರೆ ಸಾರ್ವಜನಿಕ ಅಹವಾಲು ಸಭೆಯೂ ನಡೆಯುತ್ತದೆ. ಕುಡಿಯುವ ನೀರು ಸರಬರಾಜು ಯೋಜನೆ ಆ ಪಟ್ಟಿಯಲ್ಲೇ ಇಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಅಥವಾ ವಿಶ್ವಬ್ಯಾಂಕಿನಂಥ ಸಂಸ್ಥೆಯ ಸಾಲ ಇದ್ದರೆ ಮಾತ್ರ ಆ ಸಂಸ್ಥೆಯ ನಿಯಮದಂತೆ ಪರಿಸರ ವರದಿ ಸಿದ್ಧವಾಗುತ್ತದೆ. ಕಲಬುರಗಿ ನಗರದ 24 ಗಂಟೆ ನೀರಿನ ಯೋಜನೆ ವಿಶ್ವಬ್ಯಾಂಕ್ ನೆರವಿನದು. ಸರ್ಕಾರದ ಸ್ವಂತ ಹಣದ ಸಣ್ಣ ಯೋಜನೆಗೆ ಅಂಥ ಒತ್ತಾಯವಿಲ್ಲ. ನೀರು ಒಳ್ಳೆಯದು, ಆದ್ದರಿಂದ ನೀರಿನ ಕಾಮಗಾರಿಯೂ ಒಳ್ಳೆಯದೇ ಎಂಬ ಊಹೆ ಇದರ ಹಿಂದಿದ್ದಂತಿದೆ.

ಪಟ್ಟಿಯಲ್ಲಿ ಇಲ್ಲದಿದ್ದರೂ ಬೇರೆ ಕಾನೂನುಗಳು ಬಿಡುವುದಿಲ್ಲ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ವನ್ಯಜೀವಿಧಾಮದ ಆವರಣದಲ್ಲಿದೆ. 1972ರ ವನ್ಯಜೀವಿ ಕಾಯ್ದೆಯ 29ನೇ ಕಲಂ ಪ್ರಕಾರ ಧಾಮದ ಒಳಹರಿವು, ಹೊರಹರಿವನ್ನು ಅನುಮತಿಯಿಲ್ಲದೆ ತಿರುಗಿಸುವಂತಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಮತ್ತು ಕನಗನಹಳ್ಳಿಯಲ್ಲಿ ಭೀಮಾ ದಂಡೆಯ ಮಣ್ಣೇ ಇತಿಹಾಸ: ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಗುಡಿಯೊಂದರ ಚಾವಣಿ ಕುಸಿದ ಮೇಲೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅದಕ್ಕೂ ಹೊರಗೆ ಕಾಲುವೆ ತೋಡುವಾಗ ಕೆತ್ತಿದ ಕಲ್ಲು ಸಿಕ್ಕರೆ ಕೆಲಸ ನಿಲ್ಲಿಸಿ ತಿಳಿಸಬೇಕೆಂಬ ಷರತ್ತು ಗುತ್ತಿಗೆಯಲ್ಲಿ ಇರಬೇಕು. ನದಿ ದಂಡೆಯಲ್ಲಿ ನೀರೆತ್ತಲು ಕಟ್ಟುವ ಜಾಕ್‌ವೆಲ್‌ಗಳಿಗೆ ಪ್ರವಾಹದ ಮಟ್ಟ ನೋಡಲೇಬೇಕು. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಮಳಖೇಡದೊಳಗೇ ನುಗ್ಗಿತ್ತು.

ಇನ್ನು ನೆಲದಡಿಯ ಮಾತು. ಕಲ್ನಾರಿನ ಎಳೆ ಬೆರೆಸಿದ ಸಿಮೆಂಟ್ ಕೊಳವೆಯನ್ನು, ಅಂದರೆ ಎ.ಸಿ. ಪೈಪನ್ನು, ದೇಶದ ಸಣ್ಣ ಪಟ್ಟಣಗಳಲ್ಲಿ ದಶಕಗಳ ಕಾಲ ಹೂಳಲಾಗಿದೆ. ಅಗ್ಗ, ತುಕ್ಕು ಹಿಡಿಯದು, ಆದರೆ ಪೆಡಸು. ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ಕೊಳವೆಯೂ ಸೀಳುತ್ತದೆ. ಫರಸಿ ಮೇಲೆಯೇ ಇರುವ ಕಡೆ ಬ್ರೇಕರ್ ಬಳಸಿ ಹೊಸ ಕಾಲುವೆ ತೋಡಿದರೆ ಪಕ್ಕದ ಹಳೆ ಪೈಪು ನಡುಕಕ್ಕೇ ಒಡೆಯಬಹುದು.

ಅಪಾಯ ಎಲ್ಲಿದೆ ಎಂಬುದನ್ನು ಸರಿಯಾಗಿ ತಿಳಿಯುವುದು ಮುಖ್ಯ. ಎ.ಸಿ. ಪೈಪಿನಲ್ಲಿ ಹರಿದ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಮನವರಿಕೆಯಾಗುವ ಪುರಾವೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದೇ ಪೈಪನ್ನು ಒದ್ದೆ ಮಾಡದೆ ಗರಗಸದಲ್ಲಿ ಕೊಯ್ದಾಗ ಏಳುವ ದೂಳು ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಯ ಕ್ಯಾನ್ಸರ್ ಆದ ಮೆಸೊಥೀಲಿಯೋಮ ಬರಬಲ್ಲವು. ರೋಗ ಕಾಣಿಸಲು 20ರಿಂದ 40 ವರ್ಷ ಹಿಡಿಯುತ್ತದೆ. ಗಂಡಾಂತರ ನಳದ ಕೆಳಗೆ ಕೊಡ ಹಿಡಿದವರಿಗಿಂತ ಗುಂಡಿಯೊಳಗೆ ಇಳಿದ ಕೂಲಿಕಾರರಿಗೆ. ಭಾರತದಲ್ಲಿ ಬಿಳಿ ಕಲ್ನಾರಿನ ಬಳಕೆಗೆ ಪೂರ್ಣ ನಿಷೇಧವೂ ಇಲ್ಲ.

ಆದ್ದರಿಂದ ಸಮೀಕ್ಷಕರು ಕಲ್ನಾರು ಇದೆ ಎಂದೇ ಭಾವಿಸಿ ಹೊರಡುತ್ತಾರೆ. ಹಳೆ ನಕ್ಷೆ, ಅಳತೆ ಪುಸ್ತಕ ಮೊದಲು. ಬಹಳ ಕಡೆ ಅವು ಸಿಗುವುದಿಲ್ಲ. ಆಗ ಊರಿನ ಹಿರಿಯ ವಾಲ್ವ್‌ಮನ್‌ನ ನೆನಪೇ ದಾಖಲೆ. ಅನುಮಾನವಿದ್ದಲ್ಲಿ ಸಣ್ಣ ಗುಂಡಿ ತೆಗೆದು, ನೀರು ಸಿಂಪಡಿಸಿ, ಚಿಕ್ಕ ಚೂರನ್ನು ಮುರಿದು ಎರಡು ಚೀಲದಲ್ಲಿ ಮುಚ್ಚುತ್ತಾರೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಎಳೆಯ ಜಾತಿ ಗೊತ್ತಾಗುತ್ತದೆ. ಪಂಪ್‌ಹೌಸಿನ ಚಾವಣಿಯ ಕಲ್ನಾರು ಶೀಟು, ಹಳೆ ಫ್ಲಾಂಜಿನ ಗ್ಯಾಸ್ಕೆಟ್, ಬೀಡು ಕಬ್ಬಿಣದ ಕೊಳವೆಯ ಕೀಲಿಗೆ ಕಾಯಿಸಿ ಸುರಿದ ಸೀಸ, ಸೀಸದ ಬಣ್ಣ ಇವೂ ಪಟ್ಟಿ ಸೇರುತ್ತವೆ. ಹಳೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇದೆಯೇ ನೋಡಬೇಕು. 2016ರ ಕೇಂದ್ರದ ಆದೇಶ ಅದರ ಬಳಕೆಗೆ 2025ರ ಡಿಸೆಂಬರ್ ಕೊನೆಯ ಗಡುವು ಹಾಕಿತ್ತು. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸಿಲಿಂಡರ್‌ಗಳ ಪರೀಕ್ಷೆ ಬೇರೆಯದೇ ಕೆಲಸ: ಆ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ.

ಸುಣ್ಣಕಲ್ಲು ಮತ್ತೆ ಬರುವುದು ಇಲ್ಲಿ. ಸುಣ್ಣ ಕರಗಿದ ಗಡಸು ನೀರು ಕೊಳವೆಯ ಒಳಮೈಗೆ ತೆಳು ಪೊರೆ ಕಟ್ಟುತ್ತದೆ. ಕೊಡದ ತಳದಲ್ಲಿ ಕಾಣುವ ಬಿಳಿ ಪದರದ ಬಂಧುವೇ ಅದು. ಆ ಪೊರೆ ಕಲ್ನಾರು ಸಿಮೆಂಟನ್ನೂ ಸೀಸದ ಕೀಲನ್ನೂ ನೀರಿನಿಂದ ಮುಚ್ಚಿಡುತ್ತದೆ. ಕೊಳವೆಬಾವಿ ಬಿಟ್ಟು ನದಿಯ ಅಥವಾ ಜಲಾಶಯದ ನೀರಿಗೆ ಬದಲಾದರೆ, ಹೊಸ ನೀರು ಮೆದುವಾಗಿದ್ದಲ್ಲಿ ಪೊರೆ ಕರಗಲು ತೊಡಗಬಹುದು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ಆದದ್ದು ಇಂಥದೇ ರಸಾಯನದ ಎಡವಟ್ಟು: ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು, ಕೊರೆತ ತಡೆಯುವ ರಾಸಾಯನಿಕ ಹಾಕಲಿಲ್ಲ, ಸೀಸ ಮನೆಮನೆಗೆ ಹರಿಯಿತು. ಕಾಗಿಣಾ, ಭೀಮಾ ನೀರು ಫ್ಲಿಂಟ್ ನೀರಿನಂತಲ್ಲ, ನಿಜ. ಆದರೂ ಹೊಸ ನೀರಿನ ಪಿಎಚ್, ಕ್ಷಾರತೆ, ಕ್ಯಾಲ್ಸಿಯಂ ಅಳೆದು ಅದು ಸುಣ್ಣ ಕೂರಿಸುವುದೋ ಕರಗಿಸುವುದೋ ಎಂದು ಲೆಕ್ಕ ಹಾಕುವುದು ಅರ್ಧ ದಿನದ ಕೆಲಸ. ಎಷ್ಟೋ ವರದಿಗಳಲ್ಲಿ ಮರಗಳ ಎಣಿಕೆಗೆ ಸಿಗುವ ಪುಟಗಳಲ್ಲಿ ಒಂದೂ ಇದಕ್ಕೆ ಸಿಗುವುದಿಲ್ಲ.

ಸಿಕ್ಕ ಎ.ಸಿ. ಪೈಪನ್ನು ಸಾಮಾನ್ಯವಾಗಿ ಕೀಳದೆ, ನೀರು ನಿಲ್ಲಿಸಿ, ನಕ್ಷೆಯಲ್ಲಿ ಗುರುತು ಹಾಕಿ ಅಲ್ಲೇ ಬಿಟ್ಟು, ಪಕ್ಕದಲ್ಲಿ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಅಥವಾ ಡಿ.ಐ. ಎಂಬ ಕಬ್ಬಿಣದ ಪೈಪು ಹಾಕುವುದು ಸುರಕ್ಷಿತ ದಾರಿ. ತೆಗೆಯಲೇಬೇಕಾದರೆ ಕೀಲಿನಲ್ಲಿ ಬಿಚ್ಚಿ, ಒದ್ದೆಯಾಗಿಟ್ಟು, ದಪ್ಪ ಪಾಲಿಥೀನ್‌ನಲ್ಲಿ ಎರಡು ಸುತ್ತು ಸುತ್ತಿ, ಮುಖಕ್ಕೆ ಸರಿಹೊಂದುವ ಉಸಿರುರಕ್ಷಕ ಮುಖವಾಡ ಧರಿಸಿದವರೇ ಸಾಗಿಸಬೇಕು. ಒಡೆದ ಚೂರುಗಳು ಹತ್ತಿರದ ಫರಸಿ ಖಣಿಗೆ ಬೀಳುವಂತಿಲ್ಲ. ಖಣಿಯ ಬಿರುಕುಗಳೇ ಊರಿನ ಕೊಳವೆಬಾವಿಯ ದಾರಿ. ಅಪಾಯಕಾರಿ ತ್ಯಾಜ್ಯ ಹೂಳುವ ಅಧಿಕೃತ ತಾಣ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿದೆ, ವಾಡಿಯಿಂದ ಸುಮಾರು 500 ಕಿಲೋಮೀಟರ್. ಆ ಲಾರಿ ಬಾಡಿಗೆ ಟೆಂಡರ್‌ನಲ್ಲಿ ಪ್ರತ್ಯೇಕ ಬಾಬತ್ತಾಗಿ ಇಲ್ಲದಿದ್ದರೆ ಗುತ್ತಿಗೆದಾರ ಅದನ್ನು ಸ್ವಂತ ಜೇಬಿನಿಂದ ಕೊಡುವುದಿಲ್ಲ.